ಕಳಿಸಿದವನ ಹೆಸರು

ಹುಡುಗರ ಕಕ್ಕಸಿನಲ್ಲಿ ಬಿದ್ದಿದ್ದ ರಕ್ತ ತೊಳೆದವಳು ಅಂಜಲೈ. ಆ ರಕ್ತ ಹರಿಸಿದವನು ತನ್ನ ಮಗನೇ ಅಂತ ತೊಳೆಯುವಾಗ ಅವಳಿಗೆ ಗೊತ್ತಿರಲಿಲ್ಲ.

ಹೆಡ್‌ಮಾಸ್ಟರ್ ನರಸಿಂಹಮೂರ್ತಿ ಮೂಗಿಗೆ ಕರ್ಚೀಫು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಬೇಗ ಬೇಗ ಮಾಡಮ್ಮ. ಪೇರೆಂಟ್ಸ್ ಬರೋ ಹೊತ್ತಾಯ್ತು. ಗೋಡೆಗೂ ಹಾರಿದೆ ನೋಡು."

ನೋಡಿದಳು. ಸ್ವಿಚ್ ಬೋರ್ಡಿನ ತನಕ ಹಾರಿತ್ತು. ಫಿನಾಯಿಲ್ ಸುರಿದು ಕಡ್ಡಿ ಪೊರಕೆಯಲ್ಲಿ ತಿಕ್ಕಿದಳು. ಕಲೆ ಹೋಗಲಿಲ್ಲ. ಮೊಣಕಾಲೂರಿ ಬ್ರಷ್ಷಿನಲ್ಲಿ ಉಜ್ಜಿದಳು. ಮೋರಿಯ ಜಾಲರಿಯಲ್ಲಿ ಏನೋ ಬೆಳ್ಳಗೆ ಸಿಕ್ಕಿಕೊಂಡಿತ್ತು. ತೆಗೆದು ನೋಡಿದರೆ ಹಲ್ಲು. ಬೇರು ಸಮೇತ ಬಂದಿತ್ತು.

"ಸಾರ್, ಹಲ್ಲು."

"ಬಿಸಾಕು."

ಬಿಸಾಕಿದಳು. ಆ ಶಾಲೆಯಲ್ಲಿ ಹೇಳಿದ ಕೆಲಸ ಮಾಡಿ ಮಾಡಿ, ತಲೆಗೆ ಯೋಚನೆ ಬರುವ ಮೊದಲೇ ಅವಳ ಕೈ ಓಡುತ್ತಿತ್ತು.

ಅಂಜಲೈ ಭದ್ರಾವತಿಯವಳು. ಅವಳ ತಾತ ತಮಿಳು ಸೀಮೆಯಿಂದ ಕಾರ್ಖಾನೆಯ ಕುಲುಮೆ ಕೆಲಸಕ್ಕೆ ಬಂದವನು. ಊರು ಬಿಟ್ಟು ಬಂದರೂ ಜಾತಿ ಅವನ ಬೆನ್ನು ಬಿಡಲಿಲ್ಲ. ಕುಲುಮೆಯ ಬೂದಿ ಎತ್ತೋಕೆ ಇಟ್ಟರು. ಮೊಮ್ಮಗಳ ಪಾಲಿಗೆ ಬಂದದ್ದು ಕಕ್ಕಸು. ಗಂಡ ಸತ್ತ ಮೇಲೆ ದಿನಾ ಬೆಳಗ್ಗೆ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದು, ರವೀಂದ್ರನಗರದ ಆಚೆ ಇರುವ ಈ ಶಾಲೆಯಲ್ಲಿ ಆಯಾ ಕೆಲಸ ಮಾಡುತ್ತಿದ್ದಳು. ಅದೊಂದು ಕಾರಣಕ್ಕೆ ಅವಳ ಮಗ ಜ್ಞಾನೇಶ್‌ಗೆ ಅಲ್ಲಿ ಸೀಟು ಸಿಕ್ಕಿತ್ತು. ಈಗ ಹತ್ತನೇ ಕ್ಲಾಸು.

ಬಕೆಟ್ ಎತ್ತಿಕೊಂಡು ಹೊರಗೆ ಬಂದಾಗ ನಲ್ಲಿಯ ಹತ್ತಿರ ಅದೇ ಕ್ಲಾಸಿನ ಹುಡುಗಿ ಭೂಮಿಕಾ ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು.

"ಆಂಟಿ, ಮಲ್ಲಿಕ್‌ನ ಆಸ್ಪತ್ರೆಗೆ ತಗೊಂಡ್ ಹೋದ್ರು. ಕಣ್ಣು... ಕಣ್ಣಿಗೆ ಕ್ರಿಕೆಟ್ ಸ್ಟಂಪಲ್ಲಿ ಚುಚ್ಚಿದಾರೆ."

"ಯಾರವ್ವ?"

ಅಂಜಲೈ ಬಕೆಟ್ ಕೆಳಗಿಟ್ಟು ಅವಳ ಭುಜ ಹಿಡಿದಳು.

"ಯಾರು ಹೇಳು."

"ಹೊಡ್ದೋರು ಮೂರು ಜನ ಆಂಟಿ. ಸ್ಟಂಪು ಜ್ಞಾನೇಶ್ ಕೈಲಿತ್ತು."

ಮಲ್ಲಿಕ್ ಬೇರೆ ಯಾರೂ ಅಲ್ಲ. ಅವನೂ ಭದ್ರಾವತಿಯವನೇ. ಐದನೇ ಕ್ಲಾಸಿನಿಂದ ಜ್ಞಾನೇಶ್ ಮತ್ತು ಅವನು ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಬಂದವರು. ಅಂಜಲೈಯ ಚಿತ್ರಾನ್ನ ಅಂದರೆ ಅವನಿಗೆ ಪ್ರಾಣ. ಡಬ್ಬಿ ಮುಚ್ಚಳದಲ್ಲಿ ಹಾಕಿಸಿಕೊಂಡು ತಿನ್ನುತ್ತಿದ್ದ.

ಅವಳು ಮನೆಗೆ ಬಂದಾಗ ಜ್ಞಾನೇಶ್ ಗೋಡೆಗೆ ಒರಗಿ ಮೊಬೈಲು ನೋಡುತ್ತಿದ್ದ. ಅಂಗಿ ಬದಲಾಯಿಸಿದ್ದ. ತುಟಿಯ ಮೇಲೆ ಸಣ್ಣ ನಗು ಇತ್ತು. ಅಂಜಲೈ ಮೊಬೈಲು ಕಿತ್ತುಕೊಂಡಳು. ಯಾರೋ ವಿಡಿಯೋ ಮಾಡಿದ್ದರು. ಕಕ್ಕಸಿನ ಮೂಲೆಯಲ್ಲಿ ಮಲ್ಲಿಕ್ ಮುದುಡಿ ಕುಂತಿದ್ದಾನೆ. ಇಬ್ಬರು ಒದೆಯುತ್ತಿದ್ದಾರೆ. ಮೂರನೆಯವನು ಸ್ಟಂಪು ಎತ್ತುತ್ತಾನೆ. ಮಲ್ಲಿಕ್ ಕೈ ಅಡ್ಡ ಹಿಡಿದು, "ಜ್ಞಾನಿ, ನಾನು ಕಣೋ, ನಾನು" ಅನ್ನುತ್ತಾನೆ. ಸ್ಟಂಪು ಇಳಿಯುತ್ತದೆ. ಮತ್ತೆ ಎದ್ದು ಮತ್ತೆ ಇಳಿಯುತ್ತದೆ. ವಿಡಿಯೋ ಮಾಡುತ್ತಿದ್ದವನು ಶಭಾಷ್ ಅನ್ನುತ್ತಾನೆ. ಹುಲಿ ಅನ್ನುತ್ತಾನೆ.

ಅಂಜಲೈ ಮೊಬೈಲನ್ನು ಒರಳುಕಲ್ಲಿಗೆ ಹೊಡೆದಳು. ಕೈಗೆ ಸಿಕ್ಕ ಲಟ್ಟಣಿಗೆ ತಗೊಂಡು ಮಗನಿಗೆ ಹೊಡೆದಳು. ಬೆನ್ನಿಗೆ ಹೊಡೆದಳು, ತೊಡೆಗೆ ಹೊಡೆದಳು, ಮೊಣಕೈಗೆ ಹೊಡೆದಳು. ಅವನು ಓಡಲಿಲ್ಲ. ಅಳಲಿಲ್ಲ. ಕೈ ಕಟ್ಟಿಕೊಂಡು ಗೋಡೆ ನೋಡುತ್ತಾ ನಿಂತ. ಅವಳಿಗೇ ಹೆದರಿಕೆಯಾಯಿತು.

"ಅಳೋ, ಅಳೋ ನಾಯೀ."

"ಅಳಬಾರ್ದು. ನೋವು ತಿನ್ನೋದು ಕಲ್ಸಿದಾರೆ."

ಲಟ್ಟಣಿಗೆ ಕೈಯಿಂದ ಜಾರಿತು. ಏದುಸಿರು ಬಿಡುತ್ತಾ ನೆಲಕ್ಕೆ ಕುಂತಳು.

"ಯಾಕೋ ಹೊಡ್ದೆ ಅವನ್ನ?"

"ನಮ್ಮ ಹುಡುಗಿ ಜೊತೆ ಮಾತಾಡ್ತಾನೆ. ಮೆಟ್ಟಿಲ ಮೇಲೆ ಕುಂತು ನೋಟ್ಸ್ ಕೊಡ್ತಾನೆ."

"ಯಾರೋ ನಮ್ಮ ಹುಡುಗಿ? ಭೂಮಿಕಾನಾ? ಆ ಮಗು ಮನೇಲಿ ನಿಂಗೆ ಒಂದ್ ಲೋಟ ನೀರು ಕೊಡ್ತಾರೇನೋ?"

ಅವನು ಗೋಡೆಯನ್ನೇ ನೋಡುತ್ತಿದ್ದ.

"ಯಾರು ಕಳ್ಸಿದ್ದು?"

"ಅಣ್ಣ."

ಅಣ್ಣ ಅಂದರೆ ಶಿವಪ್ರಸಾದ್. ಶಾಲೆಯ ಆಡಳಿತ ಮಂಡಳಿಯವನು. ವಿದ್ಯಾನಗರದಲ್ಲಿ ಎರಡು ಮಹಡಿ ಮನೆ. ಭಾನುವಾರ ಬೆಳಗ್ಗೆ ಭದ್ರಾವತಿಯ ಹಳೇ ಕ್ವಾರ್ಟರ್ಸಿನ ಮೈದಾನಕ್ಕೆ ಬಂದು ಹುಡುಗರಿಗೆ ಕಬಡ್ಡಿ ಕಲಿಸುತ್ತಿದ್ದ. ಮೊದಲು ಕಬಡ್ಡಿ ಇತ್ತು. ಆಮೇಲೆ ದೊಣ್ಣೆ ಬಂತು. ಆಮೇಲೆ ಮೊಬೈಲಿಗೆ ವಿಡಿಯೋ ಬರತೊಡಗಿದವು. ಯಾವುದೋ ದೇಶದ, ಯಾವುದೋ ಊರಿನ ಹೆಣಗಳನ್ನು ತೋರಿಸಿ, ಮಲ್ಲಿಕನ ಧರ್ಮದವರತ್ತ ಬೊಟ್ಟು ಮಾಡಿ ಇವರು ಮಾಡಿದ್ದು, ಇವರು ಮಾಡಿದ್ದು ಅಂತ ಹೇಳುವ ವಿಡಿಯೋಗಳು. ಹುಡುಗರನ್ನು ಸೇರಿಸೋಕೆ ವಿದ್ಯಾನಗರದಲ್ಲಿ ಜಾಗ ಇರಲಿಲ್ಲ ಅಂತಲ್ಲ. ವಿದ್ಯಾನಗರದ ಮಕ್ಕಳು ಭಾನುವಾರ ಟ್ಯೂಷನ್ನಿಗೆ ಹೋಗುತ್ತಾರೆ.

ಜ್ಞಾನೇಶ್ ಮೊದಲ ಸಲ ಅಲ್ಲಿಂದ ಬಂದ ದಿನ ಅವನ ಮುಖ ಹೊಳೆಯುತ್ತಿತ್ತು. "ಅಮ್ಮ, ಅಣ್ಣ ನನ್ ಹೆಗಲ ಮೇಲೆ ಕೈ ಹಾಕಿದ್ರು. ಎಲ್ಲರ ಎದ್ರಿಗೆ ಹುಲಿ ಅಂದ್ರು" ಅಂದಿದ್ದ. ಶಾಲೆಯಲ್ಲಿ ಯಾರೂ ಅವನ ಹೆಗಲು ಮುಟ್ಟಿದವರಲ್ಲ. ಆಯಾನ ಮಗ, ಕಕ್ಕಸು ತೊಳೆಯೋಳ ಮಗ ಅನ್ನುತ್ತಿದ್ದರು. ಬೆಂಚಿನಲ್ಲಿ ಪಕ್ಕಕ್ಕೆ ಸರಿಯುತ್ತಿದ್ದರು. ಸರಿಯದೆ ಕೂತವನು ಮಲ್ಲಿಕ್ ಒಬ್ಬನೇ. ಆದರೆ ಮಲ್ಲಿಕ್ ಹುಲಿ ಅನ್ನುತ್ತಿರಲಿಲ್ಲ. ಬರೀ ಜ್ಞಾನಿ ಅನ್ನುತ್ತಿದ್ದ.

"ಅಣ್ಣನ ಮನೆ ನೋಡಿದೀಯೇನೋ?" ಅಂಜಲೈ ಕೇಳಿದಳು.

"ಹೂಂ. ಗೃಹಪ್ರವೇಶಕ್ಕೆ ಕರ್ದಿದ್ರು. ಕುರ್ಚಿ ಎಲ್ಲಾ ನಾವೇ ಹಾಕಿದ್ದು."

"ಒಳಗೆ ಹೋಗಿದ್ಯಾ?"

"ಕಾಂಪೌಂಡ್ ತನಕ."

"ಊಟ?"

"ಶೆಡ್ಡಲ್ಲಿ ಕೊಟ್ರು."

"ಅಣ್ಣನ ಮಗ ಸುಘೋಷ ನಿನ್ ಕ್ಲಾಸೇ ಅಲ್ವೇನೋ? ಇವತ್ತು ಎಲ್ಲಿದ್ದ ಅವನು?"

"ಅವನಿಗೆ ಜ್ವರ. ರಜಾ ಹಾಕಿದ್ದ."

ಅಂಜಲೈ ನಕ್ಕಳು. ಆ ನಗು ಕೇಳಿ ಜ್ಞಾನೇಶ್ ಮೊದಲ ಸಲ ಗೋಡೆಯಿಂದ ಕಣ್ಣು ಕಿತ್ತು ಅವಳ ಕಡೆ ನೋಡಿದ.

ಮರುದಿನ ಅವನ ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ವಾರ್ಡಿನ ಬಾಗಿಲಲ್ಲಿ ಮಲ್ಲಿಕನ ತಾಯಿ ಖುರ್ಷಿದ್ ಬಾನು ಕುಂತಿದ್ದಳು. ಅಂಜಲೈ ಇದ್ದ ಕಾಲೋನಿಯ ಅರ್ಧ ಹೆಂಗಸರಿಗೆ ಜಾಕೀಟು ಹೊಲಿದು ಕೊಡುವವಳು. ಅಂಜಲೈ ಮೈಮೇಲಿದ್ದ ಜಾಕೀಟೂ ಅವಳು ಹೊಲಿದದ್ದೇ.

ಖುರ್ಷಿದ್ ಬಾನು ಎದ್ದಳು. ನೇರ ಬಂದು ಜ್ಞಾನೇಶನ ಕಾಲರ್ ಹಿಡಿದು ಕೆನ್ನೆಗೆ ಬಾರಿಸಿದಳು. ಬಾರಿಸುತ್ತಲೇ ಹೋದಳು. ಅವನ ತುಟಿ ಒಡೆಯಿತು. ಅಂಜಲೈ ತಡೆಯಲಿಲ್ಲ.

"ಎಡಗಣ್ಣು ತೆಗ್ದುಬಿಟ್ರು. ತೆಗೀದೆ ಇದ್ರೆ ಇನ್ನೊಂದೂ ಹೋಗುತ್ತೆ ಅಂದ್ರು. ಕಣ್ ಕೊಡ್ತೀಯೇನೋ? ಯಾವ್ದು ಕೊಡ್ತೀಯ? ಹೇಳೋ, ಯಾವ್ದು ಕೊಡ್ತೀಯ?"

ಆಮೇಲೆ ಅಂಜಲೈ ಕಡೆ ತಿರುಗಿದಳು. "ನಿನ್ ಕೈಯಾರೆ ಉಣ್ಸಿದ್ಯಲ್ಲೇ ಅಂಜಲೈ ನನ್ ಮಗನಿಗೆ. ನಿನ್ ಮಗನ್ನ ನನ್ ಎದುರಿಗೆ ಕರ್ಕೊಂಡ್ ಬರೋಕೆ ಹೆಂಗೆ ಮನಸ್ಸು ಬಂತೇ?"

"ಇವನು ನೋಡ್ಬೇಕು ಅಂತ."

"ನೋಡ್ಲಿ. ಚೆನ್ನಾಗ್ ನೋಡ್ಲಿ."

ಮಲ್ಲಿಕ್ ಮಲಗಿದ್ದ. ಅರ್ಧ ಮುಖಕ್ಕೆ ಪಟ್ಟಿ. ಬಾಯಿ ಒಂದು ಕಡೆ ಊದಿ ನೀಲಿಯಾಗಿತ್ತು. ಜ್ಞಾನೇಶ್ ಮಂಚದ ಹತ್ತಿರ ಹೋಗಿ, "ಮಲ್ಲಿಕ್" ಅಂದ. ಅಷ್ಟೇ ಅಂದದ್ದು. ಆ ದನಿ ಕಿವಿಗೆ ಬಿದ್ದದ್ದೇ ಮಲ್ಲಿಕನ ಮೈ ಬೆಚ್ಚಿ ಮೇಲಕ್ಕೆ ಹಾರಿತು. ಎರಡೂ ಕೈ ಮುಖಕ್ಕೆ ಅಡ್ಡ ಬಂದವು. ಹೊದ್ದಿದ್ದ ಬಿಳಿ ಬಟ್ಟೆಯ ಮೇಲೆ ಒದ್ದೆ ಹರಡುತ್ತಾ ಬಂತು. ಹೆದರಿ ಉಚ್ಚೆ ಹೊಯ್ದುಕೊಂಡಿದ್ದ.

ಜ್ಞಾನೇಶ್ ಹಿಂದೆ ಹಿಂದೆ ಸರಿದ. ವರಾಂಡದ ಕಂಬ ಹಿಡಿದು ವಾಂತಿ ಮಾಡಿದ. ಬಸ್ ಸ್ಟ್ಯಾಂಡಿನಲ್ಲೂ ಮಾಡಿದ. ಹೊಟ್ಟೆಯಲ್ಲಿ ಏನೂ ಉಳಿಯದಿದ್ದ ಮೇಲೆ ಅಳತೊಡಗಿದ. ಅಂಜಲೈ ಸಮಾಧಾನ ಮಾಡಲಿಲ್ಲ. ಅಳಲಿ ಅಂತ ಬಿಟ್ಟಳು.

ಪೊಲೀಸರು ಶಾಲೆಗೆ ಬಂದು ಹೋದರು. ಹುಡುಗರ ಜಗಳ, ಕಾಲು ಜಾರಿ ಬಿದ್ದು ಏಟಾಗಿದೆ ಅಂತ ಹೆಡ್‌ಮಾಸ್ಟರು ಹೇಳಿದರು. ಆದರೂ ಸುದ್ದಿ ಹಬ್ಬಿ, ಅದೇ ವಾರ ಶಿಕ್ಷಣ ಇಲಾಖೆಯಿಂದ ಆರ್ಡರ್ ಬಂತು. ಶಾಲೆಯಲ್ಲಿ ಮಕ್ಕಳಿಗೆ ತಿಳುವಳಿಕೆ ಕಾರ್ಯಕ್ರಮ ಆಗಬೇಕು, ಅಧಿಕಾರಿಗಳು ಬರುತ್ತಾರೆ.

ಶಿವಪ್ರಸಾದ್ ಕಾಲೋನಿಗೆ ಬಂದದ್ದು ಆಗ. ಕಾರಿಗೆ ಒರಗಿ ನಿಂತು ಹಾರ್ನ್ ಮಾಡಿಸಿದ. ಅಂಜಲೈ ಹೊರಗೆ ಬಂದು, "ಒಳಗೆ ಬನ್ನಿ ಸಾರ್" ಅಂದಳು.

"ಇರ್ಲಿ ಇರ್ಲಿ. ನೋಡಮ್ಮ, ನಿನ್ ಮಗನ್ನ ನಾನು ಬಿಟ್ಟುಕೊಡಲ್ಲ. ಅವನು ಎಸ್ಸೆಸ್ಸೆಲ್ಸಿ ಬರೀಬೇಕೋ ಬೇಡ್ವೋ?"

"ಬರೀಬೇಕು ಸಾರ್."

"ಹಂಗಾದ್ರೆ ಶನಿವಾರ ಸ್ಟೇಜ್ ಹತ್ತಿ ಎರಡು ಮಾತು ಹೇಳು. ನನ್ ಮಗನಿಗೆ ಮನೇಲಿ ಸಂಸ್ಕಾರ ಕಲಿಸಲಿಲ್ಲ, ತಪ್ಪು ನಂದು, ಶಾಲೆದೇನೂ ತಪ್ಪಿಲ್ಲ, ಎಲ್ಲರೂ ಕ್ಷಮಿಸಿ ಅನ್ನು. ಕೈ ಮುಗಿ. ಮುಗೀತು. ಇಲ್ಲಾಂದ್ರೆ ಮೂರೂ ಜನಕ್ಕೆ ಟಿಸಿ. ನಿನ್ ಕೆಲಸಾನೂ ನಾನು ಉಳ್ಸೋಕಾಗಲ್ಲ."

ಮೂರೂ ಜನ ಕಾಲೋನಿಯ ಹುಡುಗರು. ಶಿವಪ್ರಸಾದ್ ಜ್ಞಾನೇಶನ ಹೆಗಲ ಮೇಲೆ ಕೈ ಹಾಕಿ, "ಏನ್ ಹುಲಿ, ಸಪ್ಪಗಿದೀಯ" ಅಂದ. ಹುಡುಗ ಹೆಗಲು ಕುಗ್ಗಿಸಿದ. ಆ ಕೈ ಜಾರಿ ಗಾಳಿಯಲ್ಲಿ ನಿಂತಿತು.

ಶನಿವಾರ ಬೆಳಗ್ಗೆ ಶಾಲೆಯ ಅಂಗಳದ ಕುರ್ಚಿಗಳನ್ನೆಲ್ಲ ಒರೆಸಿದವಳು ಅಂಜಲೈಯೇ. ವೇದಿಕೆಯ ಹಿಂದೆ ಬ್ಯಾನರ್ ಕಟ್ಟಿದ್ದರು. 'ಉಗ್ರವಾದದಿಂದ ವಿದ್ಯಾರ್ಥಿಗಳನ್ನು ರಕ್ಷಿಸೋಣ.' ಮುಖ್ಯ ಅತಿಥಿಯ ಕುರ್ಚಿಯಲ್ಲಿ ಶಿವಪ್ರಸಾದ್ ಕುಂತ. ಪಕ್ಕದಲ್ಲಿ ಇಲಾಖೆಯ ಅಧಿಕಾರಿ. ಮುಂದಿನ ಸಾಲಿನಲ್ಲಿ ಸುಘೋಷ, ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ. ಜ್ವರ ಬಂದ ಹುಡುಗನ ಹಾಗೆ ಕಾಣುತ್ತಿರಲಿಲ್ಲ. ವೇದಿಕೆಯ ಬದಿಯಲ್ಲಿ ಜ್ಞಾನೇಶ್ ಮತ್ತು ಇನ್ನಿಬ್ಬರು ಹುಡುಗರನ್ನು ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿದ್ದರು.

ಶಿವಪ್ರಸಾದ್ ಮಾತಾಡಿದ. ಮಕ್ಕಳ ಮನಸ್ಸು ಹಸಿ ಮಣ್ಣು ಅಂದ. ಮೊಬೈಲಿನಿಂದ ದೂರ ಇರಿ ಅಂದ. "ಕೆಲವು ಕಾಲೋನಿಗಳಲ್ಲಿ ಅಪ್ಪ ಇರಲ್ಲ, ಅಮ್ಮ ಕೆಲಸಕ್ಕೆ ಹೋಗ್ತಾಳೆ, ಹೇಳೋರು ಕೇಳೋರು ಇರಲ್ಲ. ವಿಷ ಹುಟ್ಟೋದು ಅಲ್ಲೇ" ಅಂದ. ಅಧಿಕಾರಿ ತಲೆಯಾಡಿಸಿದರು.

ನರಸಿಂಹಮೂರ್ತಿಯವರು ಅಂಜಲೈಯನ್ನು ಕರೆದರು. ಚಪ್ಪಲಿ ಬಿಟ್ಟು ಹತ್ತು ಅಂದರು. ವೇದಿಕೆಯ ಮೇಲಿದ್ದವರೆಲ್ಲ ಬೂಟು ಹಾಕಿದ್ದರು. ಅವಳು ಚಪ್ಪಲಿ ಬಿಟ್ಟು ಹತ್ತಿದಳು. ಮೈಕು ಅವಳ ಎತ್ತರಕ್ಕೆ ಇರಲಿಲ್ಲ. ಯಾರೂ ಇಳಿಸಿಕೊಡಲಿಲ್ಲ. ತಾನೇ ಬಗ್ಗಿಸಿಕೊಂಡಳು.

"ನಾನು ಅಂಜಲೈ. ನೀವು ಹೋಗಿಬಂದ ಕಕ್ಕಸು ತೊಳೆಯೋಳು."

ಒಂದಿಬ್ಬರು ಮಕ್ಕಳು ನಕ್ಕರು.

"ಮಲ್ಲಿಕನ ಕಣ್ಣು ತೆಗ್ದೋನು ನನ್ ಮಗ. ಅದಕ್ಕೆ ಅವನು ಜೈಲಿಗೆ ಹೋಗ್ಲಿ. ನಾನು ಬೇಡ ಅನ್ನಲ್ಲ. ಆದ್ರೆ ಅವನ್ನ ಅಲ್ಲಿಗೆ ಕಳ್ಸಿದ್ದು ನಾನಲ್ಲ. ಕಳ್ಸಿದೋನು ಇಲ್ಲಿ ಹಾರ ಹಾಕ್ಕೊಂಡ್ ಕುಂತಿದಾನೆ."

ಮಕ್ಕಳ ಗಲಾಟೆ ನಿಂತಿತು.

"ಈ ಮನುಷ್ಯ ನಮ್ಮ ಹುಡುಗ್ರ ಕೈಗೆ ದೊಣ್ಣೆ ಕೊಟ್ಟ. ತನ್ ಮಗನ ಕೈಗೆ ಪುಸ್ತಕ ಕೊಟ್ಟ. ಹೊಡೆಯೋ ದಿನ ತನ್ ಮಗನಿಗೆ ಜ್ವರ ಬರ್ಸಿ ಮನೇಲಿ..."

ಮೈಕು ಸತ್ತಿತು. ನರಸಿಂಹಮೂರ್ತಿಯವರೇ ವಯರ್ ಕಿತ್ತಿದ್ದರು. ಅಂಜಲೈ ಮೈಕು ಬಿಟ್ಟು ಮುಂದಕ್ಕೆ ಬಂದಳು. ಗಂಟಲು ಹರಿಯುವ ಹಾಗೆ ಕೂಗಿದಳು.

"ಮನೇಲಿ ಬಚ್ಚಿಟ್ಕೊಂಡ! ಕೇಳ್ರೋ ಮಕ್ಕಳಾ! ನಿಮ್ಮನ್ನ ಕಾಯ್ಬೇಕಾಗಿರೋದು ಇವನಿಂದ!"

ಶಿವಪ್ರಸಾದ್ ಎದ್ದು ನಿಂತ. ಮುಖ ಕಪ್ಪಿಟ್ಟಿತ್ತು. ಅವನು ತಾನೇ ಮುಟ್ಟಲಿಲ್ಲ. ಅವನು ಯಾವತ್ತೂ ತಾನೇ ಕೈ ಮಾಡುವವನಲ್ಲ.

"ಜ್ಞಾನೇಶ್, ನಿಮ್ಮಮ್ಮನ್ನ ಇಳ್ಸೋ."

ಹುಡುಗ ಅಲ್ಲಾಡಲಿಲ್ಲ.

"ಹುಲೀ, ಕೇಳಿಸ್ತಾ? ಇಳ್ಸು ಅವಳನ್ನ. ಎಳ್ಕೊಂಡ್ ಹೋಗು."

ಜ್ಞಾನೇಶ್ ಮೆಟ್ಟಿಲು ಹತ್ತಿದ. ಅಮ್ಮನ ತೋಳು ಹಿಡಿದ. ಮೈದಾನದಲ್ಲಿ ಕಲಿಸಿದ ಪಟ್ಟು. ಬೆರಳು ಮೂಳೆಗೆ ಒತ್ತಿದವು. ಅಂಜಲೈ ಅವನ ಕಣ್ಣನ್ನೇ ನೋಡಿದಳು.

"ಹೊಡಿ. ಅವನಿಗೆ ಹೊಡ್ದಂಗೇ ಹೊಡಿ. ನಾನು ಕಣೋ, ಜ್ಞಾನಿ. ನಾನು."

ಅವನ ಕೈ ಸಡಿಲವಾಯಿತು. ಮುಖ ಕಿವುಚಿಕೊಂಡಿತು. ಸೊಂಟ ಹಿಡಿದು ಬಗ್ಗಿ, ಆಸ್ಪತ್ರೆಯ ಕಂಬದ ಹತ್ತಿರ ನಿಂತಿದ್ದ ಹಾಗೆ ನಿಂತ. ಮತ್ತೆ ನೆಟ್ಟಗಾದ. ಶಿವಪ್ರಸಾದನ ಕಡೆ ತಿರುಗಿದ.

"ಇಳ್ಸಲ್ಲ."

"ಏನೋ?"

"ಇಳ್ಸಲ್ಲ ಅಂದೆ. ಸ್ಟಂಪು ನೀವೇ ಕೊಟ್ಟಿದ್ದು. ಚೂಪು ಮಾಡ್ಕೊಳಿ ಅಂದಿದ್ದೂ ನೀವೇ. ಸಾಕು."

ವೇದಿಕೆಯ ಹಿಂದೆ ಶಿವಪ್ರಸಾದನ ಜೊತೆ ಬಂದಿದ್ದ ನಾಲ್ಕಾರು ಜನ ಇದ್ದರು. ಅವರು ನುಗ್ಗಿದರು. ಒಬ್ಬ ಜ್ಞಾನೇಶನ ಹೊಟ್ಟೆಗೆ ಒದ್ದ. ಬಿದ್ದವನ ತಲೆಗೆ ಕುರ್ಚಿ ಎತ್ತಿ ಹಾಕಿದರು. ಅಂಜಲೈ ಮಗನ ಮೇಲೆ ಬಿದ್ದಳು. ಅವಳ ಜುಟ್ಟು ಹಿಡಿದು ಎಳೆದರು. ಸೆರಗು ಹರಿಯಿತು. ಬೂಟುಗಾಲು ಬೆನ್ನ ಮೇಲೆ ಬಿತ್ತು, ಪಕ್ಕೆಗೆ ಬಿತ್ತು. ಅವಳು ಬಲಗೈ ಅಡ್ಡ ಕೊಟ್ಟಳು. ಮಣಿಕಟ್ಟು ಲಟಕ್ಕೆಂದಿತು. ಸದ್ದು ಅವಳಿಗೇ ಕೇಳಿಸಿತು. "ಹೊಲಸು ಮುಂಡೆ, ಕಕ್ಕಸು ತೊಳೆಯೋಳಿಗೆ ಮೈಕು ಬೇಕಾ" ಅಂತ ಯಾರೋ ಬೈದ. ಅಂಜಲೈ ಅವನ ಕಾಲಿಗೆ ಬಾಯಿ ಹಾಕಿ ಕಚ್ಚಿದಳು. ಬಿಡಲಿಲ್ಲ. ಅವನು ಅರಚಿದ.

ಅಧಿಕಾರಿ ವೇದಿಕೆಯ ಇನ್ನೊಂದು ಬದಿಯಿಂದ ಇಳಿದು ಜೀಪಿನ ಕಡೆ ನಡೆದರು. ಮೇಷ್ಟರುಗಳು ನಿಂತಲ್ಲೇ ನಿಂತರು.

ಮೊದಲು ಎದ್ದವಳು ಭೂಮಿಕಾ. "ಬಿಡ್ರೋ! ಬಿಡ್ರೋ ಅವರನ್ನ!" ಅಂತ ಚೀರಿಕೊಂಡು ಓಡಿ ಬಂದಳು. ಅವಳ ಹಿಂದೆ ಹತ್ತನೇ ಕ್ಲಾಸಿನ ಹುಡುಗಿಯರು ಬಂದರು. ಆಮೇಲೆ ಚಿಕ್ಕ ಮಕ್ಕಳು. ಒಬ್ಬರ ಹಿಂದೆ ಒಬ್ಬರು ವೇದಿಕೆಗೆ ಹತ್ತಿ ಕಿರುಚತೊಡಗಿದರು. ಹೊಡೆಯುತ್ತಿದ್ದವರ ಕೈಗೆ ಜಾಗ ಸಿಗದ ಹಾಗೆ ಯೂನಿಫಾರ್ಮು ತುಂಬಿಕೊಂಡವು. ಒಂದು ಹುಡುಗಿಯ ಹಣೆಗೆ ಕುರ್ಚಿ ತಗುಲಿ ರಕ್ತ ಬಂತು. ಆ ರಕ್ತ ನೋಡಿದ ಮೇಲೆ ಅವರು ಹಿಂದೆ ಸರಿದರು. ಆ ಹುಡುಗಿ ಕಾಲೋನಿಯವಳಾಗಿರಲಿಲ್ಲ.

ಅಂಜಲೈ ಎದ್ದಳು. ಬಲಗೈ ಜೋತಾಡುತ್ತಿತ್ತು. ಹರಿದ ಸೆರಗನ್ನು ಹಲ್ಲಲ್ಲಿ ಕಚ್ಚಿ ಎಡಗೈಯಿಂದ ಕಟ್ಟಿಕೊಂಡಳು. ಯಾರೋ ಆಟೋ ತರಿಸಿ ಆಸ್ಪತ್ರೆಗೆ ಹೋಗೋಣ ಅಂದರು.

"ಆಮೇಲೆ ಆಸ್ಪತ್ರೆ. ಮೊದ್ಲು ಸ್ಟೇಷನ್."

ಠಾಣೆಯಲ್ಲಿ ರೈಟರ್ ಅವಳನ್ನೂ, ತಲೆಯಿಂದ ರಕ್ತ ಸುರಿಯುತ್ತಿದ್ದ ಹುಡುಗನನ್ನೂ ನೋಡಿ ಪೆನ್ನು ತೆಗೆದ.

"ಹೊಡ್ದೋರ ಹೆಸ್ರು ಹೇಳಮ್ಮ."

"ಮೊದ್ಲು ಇವನ ಹೆಸ್ರು ಬರ್ಕೊಳ್ಳಿ. ಜ್ಞಾನೇಶ್. ನನ್ ಮಗ. ಮಲ್ಲಿಕ್ ಅನ್ನೋ ಹುಡುಗನ ಕಣ್ಣು ತೆಗ್ದಿದಾನೆ. ಕಾಲು ಜಾರಿ ಬಿದ್ದಿದ್ದಲ್ಲ ಅದು."

ರೈಟರ್ ಅವಳ ಮುಖವನ್ನೇ ನೋಡಿದ. ಬರೆದುಕೊಂಡ.

"ಈಗ ಅವನ್ನ ಕಳ್ಸಿದೋನ ಹೆಸ್ರು. ಶಿವಪ್ರಸಾದ್. ವಿದ್ಯಾನಗರ."

ಪೆನ್ನು ನಿಂತಿತು.

"ಅವರ ಹೆಸ್ರು ಯಾಕಮ್ಮ? ದೊಡ್ಡೋರು. ನಿನ್ ಮಗಂದು ಬರ್ಕೊಂಡಿದೀನಲ್ಲ, ಸಾಕು."

"ಸಾಲಲ್ಲ."

ಅಂಜಲೈ ನೆಲದ ಮೇಲೆ ಕುಂತಳು. ಮುರಿದ ಕೈ ಮಡಿಲಲ್ಲಿ ಇಟ್ಟುಕೊಂಡಳು. "ಬರೆಯೋ ತನಕ ಏಳಲ್ಲ. ಎಳೆದು ಹಾಕ್ತೀರಾ? ಹಾಕಿ. ಇನ್ನೊಂದ್ ಕೈ ಇದೆ."

ಭೂಮಿಕಾ ಒಳಗೆ ಬಂದಳು. ಅವಳ ಹಿಂದೆ ಅವಳಪ್ಪ, "ಬಾರೇ ಮನೆಗೆ, ನಮಗ್ಯಾಕೆ" ಅಂತ ಕೈ ಹಿಡಿದು ಎಳೆಯುತ್ತಿದ್ದ. ಹುಡುಗಿ ಕೈ ಬಿಡಿಸಿಕೊಂಡು ಅಂಜಲೈ ಪಕ್ಕ ನೆಲಕ್ಕೆ ಕುಂತಳು.

"ನಾನೂ ಹೇಳ್ತೀನಿ ಸಾರ್. ಹೊಡೆಯೋ ಹಿಂದಿನ ದಿನ ಶಾಲೆ ಗೇಟ್ ಹತ್ರ ಶಿವಪ್ರಸಾದ್ ಅಂಕಲ್ ಕಾರಲ್ಲಿ ಸ್ಟಂಪು ತಂದು ಕೊಟ್ಟಿದ್ದು ನೋಡಿದೀನಿ. ನನ್ ಹೆಸ್ರು ಹೇಳ್ಕೊಂಡು ಅವನಿಗೆ ಹೊಡ್ಸಿದಾರೆ. ನನ್ನ ಒಂದ್ ಮಾತು ಯಾರೂ ಕೇಳಿಲ್ಲ."

ರೈಟರ್ ಒಳಗೆ ಹೋಗಿ ಇನ್ಸ್‌ಪೆಕ್ಟರ್ ಹತ್ತಿರ ಮಾತಾಡಿ ಬಂದ. ಫೋನುಗಳು ಹೊಡೆದುಕೊಂಡವು. ಹೊರಗೆ ಶಾಲೆಯ ಮಕ್ಕಳು ಒಬ್ಬೊಬ್ಬರಾಗಿ ಬಂದು ಕಾಂಪೌಂಡಿನಲ್ಲಿ ನಿಲ್ಲತೊಡಗಿದರು. ಕೊನೆಗೆ ರೈಟರ್ ಪೆನ್ನು ಎತ್ತಿಕೊಂಡ. ಒಂದೊಂದೇ ಅಕ್ಷರ ಬರೆದ. ಅಂಜಲೈಗೆ ಓದಲು ಬರುತ್ತಿರಲಿಲ್ಲ. ಭೂಮಿಕಾಗೆ ಹೇಳಿ ಓದಿಸಿಕೊಂಡಳು. ಹೆಸರು ಇತ್ತು.

ಸಂಜೆ ಜ್ಞಾನೇಶನನ್ನು ಜೀಪಿಗೆ ಹತ್ತಿಸಿದರು. ತಲೆಗೆ ಹೊಲಿಗೆ ಹಾಕಿಸಿ ಬಾಲಮಂದಿರಕ್ಕೆ ಬಿಡುತ್ತೇವೆ ಅಂದರು. ಅವನು ಕಂಬಿ ಹಿಡಿದು ಅವಳನ್ನು ನೋಡಿದ.

"ಅಮ್ಮ, ಎಷ್ಟು ದಿನ ಇಟ್ಕೋತಾರೆ?"

"ಗೊತ್ತಿಲ್ಲ."

"ಮಲ್ಲಿಕ್ ಮಾತಾಡ್ತಾನಾ ನನ್ ಹತ್ರ? ಯಾವತ್ತಾದ್ರೂ?"

"ಅದು ಅವನಿಷ್ಟ. ಕೇಳೋಕೆ ನಿಂಗೆ ಬಾಯಿಲ್ಲ."

ಅವನು ತಲೆಯಾಡಿಸಿದ. ಡ್ರೈವರ್ ಜೀಪು ಸ್ಟಾರ್ಟ್ ಮಾಡಿದ. ಅಂಜಲೈ ಹತ್ತಿರ ಬಂದು, ಎಡಗೈಯಲ್ಲಿ ಅವನ ಕೆನ್ನೆ ಮೇಲಿನ ರಕ್ತ ಒರೆಸಿದಳು.

"ಇವತ್ತು ನಿನ್ನ ಯಾರೂ ಕಳ್ಸಿಲ್ಲ ಕಣೋ. ನೀನೇ ಹೋಗ್ತಿದೀಯ. ತಲೆ ಎತ್ಕೊಂಡ್ ಹೋಗು ಅನ್ನಲ್ಲ. ತಗ್ಗಿಸ್ಕೊಂಡೇ ಹೋಗು. ಆದ್ರೆ ಹೋಗು."